ಮೆಣಸಿನ ಗಿಡ ಮುದುಡಿದೆಯಾ? ಎಣ್ಣೆ ಹೊಡೆಯುವ ಮೊದಲು ಎಲೆ ಮಗುಚಿ ನೋಡಿ

ಮುದುಡಿದ ಮೆಣಸಿನ ಎಲೆಯ ಫೋಟೋ ಕಳಿಸಿ "ಯಾವ ಎಣ್ಣೆ ಹೊಡೀಬೇಕು" ಅಂತ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ (ಎಣ್ಣೆ ಅಂದರೆ ನಮ್ಮ ಕಡೆ ಗಿಡಕ್ಕೆ ಹೊಡೆಯುವ ಔಷಧಿ). ಸೊಕ್ಕಿನಿಂದಲ್ಲ. ಫೋಟೋದಲ್ಲಿ ಕಾಣುವುದು ಎಲೆಯ ಮೇಲ್ಭಾಗ, ಕಳ್ಳ ಕೂತಿರುವುದು ಅಡಿಯಲ್ಲಿ. ಎಲೆ ಮುದುಡುವುದಕ್ಕೆ ಕಡಿಮೆ ಅಂದರೂ ನಾಲ್ಕೈದು ಕಾರಣ ಇವೆ. ಒಂದಕ್ಕೆ ಹೊಡೆದ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ, ಕೆಲವು ಸಲ ಇನ್ನೊಂದನ್ನು ಹೆಚ್ಚು ಮಾಡುತ್ತದೆ. ಒಂದು ಕಾರಣಕ್ಕಂತೂ ಔಷಧಿಯೇ ಇಲ್ಲ.

ನಮ್ಮ ಹಾವೇರಿ, ಧಾರವಾಡ ಕಡೆ ಇದಕ್ಕೆ ಮುರುಡು ಅಂತೀವಿ, ಬೇರೆ ಕಡೆ ಮುಟುರು ರೋಗ. ವಿಜ್ಞಾನಿಗಳು ಇಂಗ್ಲಿಷಿನಲ್ಲಿ ಬರೆದ ಪ್ರಬಂಧಗಳಲ್ಲೂ ನಮ್ಮ ಪದವನ್ನೇ ಎತ್ತಿಕೊಂಡು 'ಮುರ್ಡಾ' ಅಂತ ಬರೆದಿದ್ದಾರೆ. ಆದರೆ ಮುರುಡು ಅನ್ನೋದು ರೋಗದ ಹೆಸರಲ್ಲ, ಲಕ್ಷಣದ ಹೆಸರು. ಜ್ವರ ಅಂದ ಹಾಗೆ. ಜ್ವರ ಮಲೇರಿಯಾದಿಂದಲೂ ಬರುತ್ತದೆ, ಗಂಟಲು ನೋವಿನಿಂದಲೂ ಬರುತ್ತದೆ, ಎರಡಕ್ಕೂ ಒಂದೇ ಮಾತ್ರೆ ನುಂಗಿದರೆ ಆಗುತ್ತಾ?

(ಬ್ಯಾಡಗಿ ಕಾಯಿ ಸುಕ್ಕಾದಷ್ಟೂ ಚೆಂದ ಅಂತ ವ್ಯಾಪಾರಿ ಮುಗಿಬೀಳುತ್ತಾನೆ, ಅದೇ ಗಿಡದ ಎಲೆ ಸುಕ್ಕಾದರೆ ನಮಗೆ ನಿದ್ದೆ ಇಲ್ಲ. ಇರಲಿ.)

ಬೆಳಿಗ್ಗೆ ಆರೂವರೆಗೆ ಹೋಗಿ, ಮಧ್ಯಾಹ್ನ ಬೇಡ

ಮೊದಲ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಎಲೆ ಮೇಲಕ್ಕೆ ಮಡಿಚಿಕೊಂಡಿದ್ದು, ಮಾರನೇ ದಿನ ಬೆಳಿಗ್ಗೆ ತಂಪಿನಲ್ಲಿ ನೋಡಿದಾಗ ಆರಾಮಾಗಿ ಬಿಚ್ಚಿಕೊಂಡಿದ್ದರೆ ಅದು ರೋಗವಲ್ಲ, ಹುಳವೂ ಅಲ್ಲ. ಬಿಸಿಲಿಗೆ ಗಿಡ ನೀರು ಉಳಿಸಿಕೊಳ್ಳುತ್ತಿದೆ ಅಷ್ಟೆ. ನೀರು ಕೊಡಿ, ಇಲ್ಲವೇ ಬೇರಿನ ಹತ್ತಿರ ನೀರು ನಿಂತು ಬೇರು ಕೊಳೆಯುತ್ತಿದೆಯಾ ನೋಡಿ. ಎರೆ ಹೊಲದಲ್ಲಿ ಎರಡನೆಯದೇ ಜಾಸ್ತಿ. ಬೆಳಿಗ್ಗೆಯೂ ಎಲೆ ಮುದುಡಿಯೇ ಇದ್ದರೆ ಮುಂದಕ್ಕೆ ಓದಿ.

ಎಲ್ಲದಕ್ಕೂ 'ನುಸಿ' ಅನ್ನೋದೇ ಮೊದಲ ತೊಡಕು

ಥ್ರಿಪ್ಸಿಗೂ ನುಸಿ ಅಂತೀವಿ, ಮೈಟಿಗೂ ನುಸಿ ಅಂತೀವಿ. ಗೊಬ್ಬರದ ಅಂಗಡಿಗೆ ಹೋಗಿ "ಮೆಣಸಿನಕಾಯಿಗೆ ನುಸಿ ಬಿದ್ದೈತ್ರಿ" ಅಂದರೆ ಅವನು ಯಾವುದಕ್ಕೆ ಔಷಧಿ ಕೊಡಬೇಕು? ಥ್ರಿಪ್ಸ್ ಒಂದು ಕೀಟ, ಆರು ಕಾಲು. ಮೈಟ್ ಕೀಟವೇ ಅಲ್ಲ, ಜೇಡದ ಕಡೆಯ ನೆಂಟ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕವನ್ನು ಎಷ್ಟು ಸಲ ಹೊಡೆದರೂ ಮೈಟಿಗೆ ಏನೂ ಆಗುವುದಿಲ್ಲ. ಹಾಗಾಗಿ ಇಲ್ಲಿ ನಾನು ನುಸಿ ಅನ್ನೋ ಪದ ಬಳಸುವುದಿಲ್ಲ. ಥ್ರಿಪ್ಸ್ ಅಂದರೆ ಥ್ರಿಪ್ಸ್, ಮೈಟ್ ಅಂದರೆ ಮೈಟ್.

ಇವೆರಡನ್ನು ಬೇರೆ ಮಾಡುವುದಕ್ಕೆ ನಿಮ್ಮ ಕೈಯೇ ಸಾಕು. ತೀರ್ಥ ತಗೊಳ್ಳುವಾಗ ಅಂಗೈ ಹೇಗೆ ಬಾಗುತ್ತದೆ? ಎಲೆಯ ಅಂಚು ಹಾಗೆ ಮೇಲಕ್ಕೆ ಎದ್ದು ದೋಣಿಯ ಹಾಗೆ ಆಗಿದ್ದರೆ ಅನುಮಾನ ಥ್ರಿಪ್ಸ್ ಮೇಲೆ. ಮಗುವಿನ ತಲೆ ಸವರುವಾಗ ಕೈ ಕೆಳಮುಖವಾಗಿ ಬಾಗುತ್ತದಲ್ಲ, ಹಾಗೆ ಎಲೆ ಕೆಳಕ್ಕೆ ಬಾಗಿದ್ದರೆ, ಬೋರಲು ಹಾಕಿದ ದೋಣಿಯ ಹಾಗೆ ಇದ್ದರೆ, ಅನುಮಾನ ಮೈಟ್ ಮೇಲೆ. ಇದು ಬರೀ ಅನುಮಾನ. ವೈರಸ್ ಬಂದರೂ ಎಲೆ ಮೇಲಕ್ಕೇ ಮುದುಡುತ್ತದೆ. ಅಲ್ಲಿಗೆ ಆಮೇಲೆ ಬರೋಣ.

ಮೇಲಕ್ಕೆ ಮುದುಡಿದ್ದರೆ

ಒಂದು ಬಿಳಿ ಹಾಳೆ ತಗೊಳ್ಳಿ. ಕುಡಿಯ ಕೆಳಗೆ ಹಿಡಿದು ಬೆರಳಲ್ಲಿ ಎರಡು ಸಲ ತಟ್ಟಿ. ಒಂದು ಮಿಲಿಮೀಟರ್ ಉದ್ದದ, ಹಳದಿ ಬಣ್ಣದ ಸಣ್ಣ ಗೆರೆಗಳಂಥವು ಬಿದ್ದು ಓಡಾಡಿದರೆ ಅದೇ ಥ್ರಿಪ್ಸ್, ವಿಜ್ಞಾನಿಗಳ ಸ್ಕಿರ್ಟೋಥ್ರಿಪ್ಸ್ ಡಾರ್ಸಾಲಿಸ್. ಎಲೆಯ ಅಡಿಭಾಗ ಬೆಳ್ಳಿ ಬಳಿದ ಹಾಗೆ ಹೊಳೆಯುತ್ತದೆ, ಆಮೇಲೆ ಕಂದು ತಿರುಗುತ್ತದೆ. ಕಾಯಿಯ ಮೇಲೆ ಒರಟಾದ ಕಂದು ಕಲೆ ಇದ್ದರೆ ಇನ್ನೊಂದು ಸಾಕ್ಷಿ. ಒಣ ಹವೆಯಲ್ಲಿ ಇದರ ಹಾವಳಿ ಜಾಸ್ತಿ, ಒಳ್ಳೆ ಮಳೆ ಬಿದ್ದರೆ ತೊಳೆದುಹೋಗುತ್ತದೆ.

ಔಷಧಿ ಹೊಡೆದು ವಾರಕ್ಕೆ ಮತ್ತೆ ಬಂತು ಅಂತ ಅಂಗಡಿಯವನನ್ನು ಬೈಯುವ ಮೊದಲು ಇದನ್ನು ತಿಳಿದುಕೊಳ್ಳಿ. ಥ್ರಿಪ್ಸ್ ಮರಿಗಳು ಬೆಳೆದ ಮೇಲೆ ಬಹಳಷ್ಟು ಗಿಡದಿಂದ ಇಳಿದು ಮಣ್ಣಲ್ಲಿ, ಉದುರಿದ ಎಲೆಯ ಕೆಳಗೆ ಕೋಶವಾಗುತ್ತವೆ. ಮೊಟ್ಟೆ ಇರುವುದು ಎಲೆಯ ತೊಗಲಿನ ಒಳಗೆ. ನೀವು ಹೊಡೆದದ್ದು ಎಲೆಯ ಮೇಲೆ ಇದ್ದವಕ್ಕೆ ಮಾತ್ರ. ಮಣ್ಣಲ್ಲಿದ್ದವು ಎದ್ದು ಬರುತ್ತವೆ, ಮೊಟ್ಟೆ ಒಡೆಯುತ್ತದೆ. ಅದಕ್ಕೇ ಎರಡನೇ ಸುತ್ತು ಬೇಕಾಗುತ್ತದೆ, ಆದರೆ ಅದೇ ಗುಂಪಿನ ಔಷಧಿಯಲ್ಲ. ಫಿಪ್ರೊನಿಲ್ ಹೊಡೆದಿದ್ದರೆ ಮುಂದಿನ ಸಲ ಸ್ಪಿನೋಸ್ಯಾಡ್ ಥರದ್ದು. ಪ್ರಮಾಣ ಡಬ್ಬಿಯ ಮೇಲೆ ಇರುತ್ತದೆ, ಅದನ್ನೇ ನಂಬಿ, ಮುಚ್ಚಳದ ಲೆಕ್ಕ ಬೇಡ.

ಎಲೆ ಅಷ್ಟೇನೂ ಮುದುಡಿಲ್ಲ, ಆದರೆ ಹೂವು ಉದುರುತ್ತಿದೆ ಅಂದರೆ ಹೂವು ಬಿಡಿಸಿ ನೋಡಿ. ಕಪ್ಪಗಿನ ಹುಳಗಳು ಗುಂಪಾಗಿ ಕಂಡರೆ ಅದು ಹಳೇ ಥ್ರಿಪ್ಸ್ ಅಲ್ಲ, ಕಪ್ಪು ಥ್ರಿಪ್ಸ್. ಹೆಸರು ಥ್ರಿಪ್ಸ್ ಪಾರ್ವಿಸ್ಪೈನಸ್, ಮೂಲ ಇಂಡೊನೇಷ್ಯಾ ಕಡೆಯದು. ಭಾರತದಲ್ಲಿ ಇದು ಮೊದಲು ವರದಿಯಾಗಿದ್ದು 2015ರಲ್ಲಿ, ಅದೂ ಬೆಂಗಳೂರಿನಲ್ಲಿ, ಪಪ್ಪಾಯಿ ಗಿಡದ ಮೇಲೆ. ಆರು ವರ್ಷ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2021ರ ಕೊನೆಗೆ ಗುಂಟೂರಿಂದ ಹಿಡಿದು ನಮ್ಮ ಬಳ್ಳಾರಿ, ರಾಯಚೂರಿನವರೆಗೆ ಮೆಣಸಿನ ಹೊಲ ನುಂಗಿಹಾಕಿತು. ಆ ವರ್ಷ ಜನ ಎರಡು ಮೂರು ಔಷಧಿ ಒಟ್ಟಿಗೆ ಕಲಸಿ, ಮೂರು ದಿನಕ್ಕೊಮ್ಮೆ ಹೊಡೆದರು. ಹುಳ ತಿನ್ನುವ ಒಳ್ಳೆ ಹುಳಗಳೂ ಸತ್ತವು, ಕಪ್ಪು ಥ್ರಿಪ್ಸ್ ಮಾತ್ರ ಹೂವಿನೊಳಗೆ ಬೆಚ್ಚಗೆ ಕೂತಿತ್ತು. ಇದಕ್ಕೆ ನೀಲಿ ಅಂಟು ಹಾಳೆ ಹಾಕಿ. ಹಳದಿ ಹಾಳೆ ವೈರಸ್ ತರುವ ಬಿಳಿ ನೊಣಕ್ಕೆ, ಅದರ ಮಾತು ಮುಂದೆ ಬರುತ್ತದೆ. ಹಾಳೆಯಿಂದ ಹುಳ ನಾಶವಾಗುತ್ತದೆ ಅಂದುಕೊಳ್ಳಬೇಡಿ, ಬಂದಿದೆಯೋ ಇಲ್ಲವೋ ಅಂತ ಬೇಗ ಗೊತ್ತಾಗುತ್ತದೆ, ಅದೇ ಅದರ ಕೆಲಸ.

ಕೆಳಕ್ಕೆ ಮುದುಡಿದ್ದರೆ

ಇಲ್ಲಿ ನಾನೇ ಮೋಸ ಹೋದವನು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಎರಡು ಎಕರೆ ಬ್ಯಾಡಗಿ ಕಡ್ಡಿ ತಳಿಯ ಮೆಣಸು ಹಾಕಿದ್ದೆ. ಮಳೆ ಹಿಡಿದು ಬಿಟ್ಟು, ಮೋಡ, ಸೆಕೆ, ಆ ಥರದ ಹವೆ. ಕುಡಿ ಎಲೆ ಮುದುಡಿದವು. ಹಾಳೆ ಹಿಡಿದು ತಟ್ಟಿದೆ, ಏನೂ ಬೀಳಲಿಲ್ಲ. ಅಂಗಡಿಯವರು "ಥ್ರಿಪ್ಸ್ ಇರ್ತಾವ, ಕಾಣೂದಿಲ್ಲ ಬಿಡ್ರಿ" ಅಂದು ಪೈರಿಥ್ರಾಯ್ಡ್ (ಅದು ಕೀಟನಾಶಕಗಳ ಒಂದು ಗುಂಪು) ಕಲಸಿದ ಒಂದು ಔಷಧಿ ಕೊಟ್ಟರು. ಹೊಡೆದೆ. ಜಾಸ್ತಿ ಆಯಿತು. ಇನ್ನೊಂದು ಕೊಟ್ಟರು, ಹೊಡೆದೆ. ಇನ್ನೂ ಜಾಸ್ತಿ ಆಯಿತು. ಇಪ್ಪತ್ತೈದು ದಿನದಲ್ಲಿ ನಾಲ್ಕು ಸಲ ಹೊಡೆದಿದ್ದೆ. ಕೂಲಿ, ಎಣ್ಣೆ, ಡೀಸೆಲ್ ಎಲ್ಲ ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಅಕ್ಕಸಾಲಿಗ ಗೆಳೆಯನ ಹತ್ತಿರ ಅವನು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು ಕೇಳಿ ತಂದು ಎಲೆ ಮಗುಚಿ ನೋಡಿದೆ. ನಡು ನರದ ಪಕ್ಕದಲ್ಲಿ ಎಳ್ಳಿಗಿಂತ ಎಷ್ಟೋ ಸಣ್ಣ, ಗಾಜಿನ ಮಣಿಯಂಥ ಹುಳಗಳು. ಅದರ ಜೊತೆ ಉದ್ದುದ್ದ ಮೊಟ್ಟೆ, ಮೊಟ್ಟೆಯ ಮೇಲೆ ಸಾಲಾಗಿ ಬಿಳಿ ಚುಕ್ಕೆ. ಯಾರೋ ಕೂತು ರಂಗೋಲಿ ಚುಕ್ಕಿ ಇಟ್ಟ ಹಾಗೆ. ಆ ಚುಕ್ಕೆ ಮೊಟ್ಟೆ ಕಂಡರೆ ಬೇರೆ ಪರೀಕ್ಷೆ ಬೇಡ, ಅದು ಹಳದಿ ಮೈಟ್, ಪಾಲಿಫ್ಯಾಗೋಟಾರ್ಸೋನೀಮಸ್ ಲೇಟಸ್. ಹೆಸರು ಇಷ್ಟುದ್ದ, ಹುಳ ಮಾತ್ರ ಒಂದು ಮಿಲಿಮೀಟರಿನ ಐದರಲ್ಲಿ ಒಂದು ಪಾಲು. ಬರಿಗಣ್ಣಿಗೆ ಕಾಣುವ ಮಾತೇ ಇಲ್ಲ, ಹಾಳೆ ಮೇಲೆ ಬಿದ್ದರೂ ಗೊತ್ತಾಗುವುದಿಲ್ಲ.

ಗಾಜು ಇಲ್ಲದವರು ತೊಟ್ಟು ನೋಡಿ. ಮೈಟ್ ಬಿದ್ದ ಎಲೆಯ ತೊಟ್ಟು ಉದ್ದಕ್ಕೆ ಎಳೆದುಕೊಂಡಿರುತ್ತದೆ, ಎಲೆ ಚಿಕ್ಕದು ತೊಟ್ಟು ಉದ್ದ, ಇಲಿ ಬಾಲದ ಹಾಗೆ. ಎಲೆಯ ಅಡಿ ಕಂಚಿನ ಬಣ್ಣಕ್ಕೆ ತಿರುಗಿ ಎಣ್ಣೆ ಸವರಿದ ಹಾಗೆ ಇರುತ್ತದೆ.

ನಾನು ಹೊಡೆದಷ್ಟೂ ಯಾಕೆ ಜಾಸ್ತಿ ಆಯಿತು? ಹೊಲದಲ್ಲಿ ಮೈಟುಗಳನ್ನು ತಿನ್ನುವ ಇನ್ನೊಂದು ಜಾತಿಯ ಮೈಟುಗಳಿರುತ್ತವೆ. ಪೈರಿಥ್ರಾಯ್ಡ್ ಅವನ್ನು ಸಾಯಿಸಿತು, ಹಳದಿ ಮೈಟ್ ಉಳಿಯಿತು. ಬೆಚ್ಚಗಿನ ಹವೆಯಲ್ಲಿ ಒಂದು ವಾರದೊಳಗೆ ಒಂದು ತಲೆಮಾರು ಮುಗಿಸುವ ಹುಳ ಇದು. ಬೇಲಿ ತೆಗೆದು ದನ ಬಿಟ್ಟ ಹಾಗೆ ಆಯಿತು.

ಮೈಟಿಗೆ ಮೈಟ್‌ನಾಶಕವೇ ಬೇಕು. ನೀರಲ್ಲಿ ಕರಗುವ ಗಂಧಕ ಅಗ್ಗದ್ದು, ಶುರುವಿನಲ್ಲಿ ಕಂಡರೆ ಅದೇ ಸಾಕಾಗುತ್ತದೆ, ಆದರೆ ಬಿರುಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಜೋರಾಗಿದ್ದರೆ ಪ್ರೊಪರ್ಗೈಟ್, ಫೆನಾಜಾಕ್ವಿನ್, ಸ್ಪೈರೊಮೆಸಿಫೆನ್ ಇವುಗಳಲ್ಲಿ ಒಂದು. ಒಂದು. ಮೂರೂ ಅಲ್ಲ. ನಾಜಲ್ಲನ್ನು ಕೆಳಗಿನಿಂದ ಮೇಲಕ್ಕೆ ಹಿಡಿದು ಎಲೆಯ ಅಡಿಗೆ ಹೊಡೆಯಬೇಕು. ಮೇಲಿಂದ ಹೊಡೆದರೆ ಕೊಡೆಯ ಮೇಲೆ ನೀರು ಸುರಿದ ಹಾಗೆ, ಕೆಳಗೆ ಕೂತವನಿಗೆ ಒಂದು ಹನಿಯೂ ತಾಗುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲಿ. ಮೈಟ್ ಸತ್ತ ಮೇಲೂ ಮುದುಡಿದ ಎಲೆ ಬಿಚ್ಚಿಕೊಳ್ಳುವುದಿಲ್ಲ. ಎಳೆಯದಾಗಿದ್ದಾಗ ಕೆಟ್ಟ ಎಲೆ ಹಾಗೇ ಬಲಿಯುತ್ತದೆ. ಹೊಡೆದು ಐದು ದಿನಕ್ಕೆ ಅದೇ ಎಲೆ ನೋಡಿ "ಗುಣ ಆಗಿಲ್ಲ" ಅಂತ ಮತ್ತೆ ಹೊಡೆಯುತ್ತಾರೆ. ಹಳೇ ಎಲೆ ಬಿಡಿ, ಆಮೇಲೆ ಬಂದ ಕುಡಿ ಹೇಗಿದೆ ನೋಡಿ.

ವೈರಸ್ ಆಗಿದ್ದರೆ

ಎಲೆ ಮೇಲಕ್ಕೆ ಮುದುಡಿದೆ, ಹಾಳೆಗೆ ಥ್ರಿಪ್ಸ್ ಬೀಳಲಿಲ್ಲ, ಗಾಜಿನಲ್ಲಿ ಮೈಟೂ ಇಲ್ಲ. ಎಲೆಯ ಅಡಿಯ ನರಗಳು ಉಬ್ಬಿ ದಪ್ಪವಾಗಿವೆ, ನರಗಳ ನಡುವೆ ಹಳದಿ. ಗೆಣ್ಣು ಗೆಣ್ಣಿನ ನಡುವೆ ಅಂತರ ಕಡಿಮೆಯಾಗಿ ಗಿಡ ಪೊರಕೆಯ ಹಾಗೆ ಗಿಡ್ಡಗೆ ಗೊಂಚಲಾಗಿದೆ. ಹೂವೇ ಇಲ್ಲ, ಇದ್ದರೂ ಕಾಯಿ ಕಟ್ಟಿಲ್ಲ. ಇದು ಎಲೆ ಮುಟುರು ವೈರಸ್. ಬೆಗೊಮೊವೈರಸ್ ಗುಂಪಿನದು, ತರುವುದು ಬಿಳಿ ನೊಣ.

ಹೊಲದಲ್ಲಿ ಅದು ಹರಡಿದ ರೀತಿಯನ್ನೂ ನೋಡಿ. ವೈರಸ್ ಒಂದೇ ದಿನ ಇಡೀ ಹೊಲಕ್ಕೆ ಬರುವುದಿಲ್ಲ. ಇಲ್ಲೊಂದು ಅಲ್ಲೊಂದು ಗಿಡ ಮೊದಲು ಗಿಡ್ಡಾಗುತ್ತದೆ, ಪಕ್ಕದ ಗಿಡ ಹಸಿರಾಗಿ ನೆಟ್ಟಗೆ ನಿಂತಿರುತ್ತದೆ. ಆಮೇಲೆ ಅದರ ಸುತ್ತ ಹರಡುತ್ತದೆ.

ಬಿಳಿ ನೊಣ ಒಮ್ಮೆ ವೈರಸ್ ಕುಡಿಯಿತು ಅಂದರೆ ಅದನ್ನು ದಿನಗಟ್ಟಲೆ ಹೊತ್ತು ತಿರುಗುತ್ತದೆ. ಸಸಿಮಡಿಯಲ್ಲೇ ಕಚ್ಚಿದರೆ ನಿಮಗೆ ಲಕ್ಷಣ ಕಾಣುವುದು ನಾಟಿ ಆದ ಮೇಲೆ. ಇವತ್ತು ಮುದುಡಿದ ಗಿಡಕ್ಕೆ ಸೋಂಕು ತಗುಲಿದ್ದು ಇವತ್ತಲ್ಲ. ವಾರಗಳ ಹಿಂದೆ ಬಂದು ಕಚ್ಚಿ ಹೋದ ನೊಣಕ್ಕೆ ಇವತ್ತು ಔಷಧಿ ಹೊಡೆದು ಏನು ಪ್ರಯೋಜನ?

ವೈರಸ್ ಹತ್ತಿದ ಗಿಡವನ್ನು ವಾಸಿ ಮಾಡುವ ಔಷಧಿ ಇಲ್ಲ. 'ವೈರಸ್ ನಿವಾರಕ' ಅಂತ ಚೆಂದದ ಬಾಟಲಿ ತೋರಿಸಿದರೆ ಕೈಮುಗಿದು ಹೊರಗೆ ಬನ್ನಿ. ಗಿಡ ಸಣ್ಣದಿದ್ದಾಗಲೇ ಅಂಥದ್ದನ್ನು ಕಿತ್ತುಹಾಕಿ. ಕೀಳುವುದಕ್ಕೂ ಒಂದು ಕ್ರಮ ಇದೆ. ಸುಮ್ನೆ ಕಿತ್ತು ಬದುವಿನ ಮೇಲೆ ಎಸೆದರೆ, ಗಿಡ ಬಾಡುವ ಹೊತ್ತಿಗೆ ಅದರಲ್ಲಿದ್ದ ನೊಣಗಳೆಲ್ಲ ಎದ್ದು ಪಕ್ಕದ ಒಳ್ಳೆ ಗಿಡಕ್ಕೆ ಹೋಗುತ್ತವೆ. ಬೆಳಗಿನ ತಂಪಿನಲ್ಲಿ, ನೊಣ ಇನ್ನೂ ಜಡವಾಗಿದ್ದಾಗ, ಗೊಬ್ಬರದ ಖಾಲಿ ಚೀಲವನ್ನು ಗಿಡಕ್ಕೆ ಟೊಪ್ಪಿಗೆ ಹಾಕಿದ ಹಾಗೆ ಹಾಕಿ, ಬಾಯಿ ಮುಚ್ಚಿ ಕಿತ್ತು, ಹೊರಗೆ ಒಯ್ದು ಸುಡಿ ಅಥವಾ ಹೂಳಿ.

ಮುಂದಿನ ಹಂಗಾಮಿಗೆ ಸಸಿಮಡಿಗೆ ಸಣ್ಣ ಕಣ್ಣಿನ ನೈಲಾನ್ ಬಲೆ ಹಾಕಿ. ಸೊಳ್ಳೆ ಪರದೆ ಸಾಲದು, ಬಿಳಿ ನೊಣ ಅದರಲ್ಲಿ ನುಸುಳುತ್ತದೆ. ಹೊಲದ ಸುತ್ತ ಎರಡು ಮೂರು ಸಾಲು ಗೋವಿನಜೋಳವನ್ನು ಮೆಣಸಿಗಿಂತ ಮೊದಲೇ ಬಿತ್ತಿ, ನೊಣಕ್ಕೆ ತಡೆ. ಪಕ್ಕದಲ್ಲಿ ಹಳೇ ಟೊಮೆಟೊ ಹೊಲ ಇದ್ದರೆ ಅದನ್ನು ಕಿತ್ತ ಮೇಲೆ ನಾಟಿ ಮಾಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಈ ವೈರಸ್ ತಡೆಯುವ ಹೈಬ್ರಿಡ್ ತಳಿಗಳನ್ನು ಬಿಟ್ಟಿದ್ದಾರೆ, ಅರ್ಕಾ ತೇಜಸ್ವಿ, ಅರ್ಕಾ ಯಶಸ್ವಿ, ಅರ್ಕಾ ಗಗನ್ ಅಂತ. ಪದೇ ಪದೇ ವೈರಸ್ ಬರುವ ಹೊಲವಾದರೆ ವಿಚಾರಿಸಿ. ಬ್ಯಾಡಗಿ ಮಾರುಕಟ್ಟೆಗೆ ಬ್ಯಾಡಗಿಯೇ ಬೇಕು ಅನ್ನುವವರಿಗೆ ಬಲೆಯೇ ಗತಿ.

ಇನ್ನು ಎಲೆ ಮುದುಡದೆ ಹಸಿರು ಹಳದಿ ತೇಪೆ ತೇಪೆಯಾಗಿ, ದಾರದ ಹಾಗೆ ಸಣ್ಣಗಾಗಿದ್ದರೆ ಅದು ಗಿಡಹೇನು ತರುವ ಬೇರೆ ವೈರಸ್ ಇರಬಹುದು. ಅದಕ್ಕೂ ಔಷಧಿ ಇಲ್ಲ. ಆದರೆ ದಾರದಂಥ ಎಲೆ ಕಂಡ ಕೂಡಲೇ ವೈರಸ್ ಅಂತ ತೀರ್ಮಾನ ಮಾಡಬೇಡಿ, ಯಾಕೆ ಅಂದರೆ...

ಟ್ಯಾಂಕಿನಲ್ಲಿ ಮೊದಲು ಏನಿತ್ತು?

ನಮ್ಮ ಕಾಕಾ ಒಂದು ದಿನ ಬೆಳಿಗ್ಗೆ ಫೋನ್ ಮಾಡಿದರು.

"ಲೇ ತಮ್ಮಾ, ರಾತ್ರೋರಾತ್ರಿ ಇಡೀ ಹೊಲಕ್ಕ ವೈರಸ್ ಬಂದೈತಿ ನೋಡೋ."

"ಕಾಕಾ, ವೈರಸ್ ರಾತ್ರೋರಾತ್ರಿ ಇಡೀ ಹೊಲಕ್ಕ ಬರೂದಿಲ್ರೀ. ಕಡೀಕ ಪಂಪಿನ್ಯಾಗ ಏನ್ ಹೊಡದಿದ್ರಿ?"

"ಥ್ರಿಪ್ಸಿಂದು."

"ಅದಕ್ಕಿಂತ ಮೊದ್ಲ?"

ಸ್ವಲ್ಪ ಹೊತ್ತು ಸುಮ್ಮನಾದರು. ಅದಕ್ಕಿಂತ ಮೊದಲು ಅದೇ ಪಂಪಿನಲ್ಲಿ ಗೋವಿನಜೋಳಕ್ಕೆ 2,4-ಡಿ ಕಳೆನಾಶಕ ಹೊಡೆದಿದ್ದರು. ಎರಡು ಸಲ ನೀರು ಹಾಕಿ ಕುಲುಕಿ ಚೆಲ್ಲಿದ್ದರಂತೆ. ಸಾಲುವುದಿಲ್ಲ. ಪೈಪಿನಲ್ಲಿ, ವಾಶರಿನಲ್ಲಿ ಉಳಿದ ಚೂರೇ ಮೆಣಸಿಗೆ ಸಾಕು.

ಹೋಗಿ ನೋಡಿದೆ. ಕುಡಿ ಎಲೆ ಸೀಳಿದ ಪಟ್ಟಿಯಂತೆ ಸಣ್ಣಗೆ, ನರಗಳು ಒಂದಕ್ಕೊಂದು ಒತ್ತಿಕೊಂಡು ಸಮನಾಗಿ ಓಡಿದ್ದವು, ಬೀಸಣಿಗೆಯ ಕಡ್ಡಿಗಳ ಹಾಗೆ. ತೊಟ್ಟು ತಿರುಚಿತ್ತು, ಕಾಂಡ ಕೊಕ್ಕೆಯ ಹಾಗೆ ಬಾಗಿತ್ತು. ಹೊಲದ ಮೊದಲ ಆರೇಳು ಸಾಲಿಗೆ ಜೋರು, ಆಮೇಲೆ ಕಡಿಮೆ ಆಗುತ್ತಾ ಹೋಗಿತ್ತು. ಮೊದಲ ಟ್ಯಾಂಕು ಹೊಡೆದದ್ದು ಆ ಕಡೆಯಿಂದ. ಗಟ್ಟಿ ಸಾಕ್ಷಿ ಸಿಕ್ಕಿದ್ದು ಸಾಲುಗಳ ನಡುವೆ. ಅಲ್ಲಿದ್ದ ಅಗಲ ಎಲೆಯ ಕಳೆಗಳೂ ಹಾಗೇ ತಿರುಚಿಕೊಂಡಿದ್ದವು. ನಾಲ್ಕು ಜಾತಿಯ ಗಿಡಕ್ಕೆ ಒಂದೇ ದಿನ ಒಂದೇ ಥರ ಆಗಬೇಕಾದರೆ ಅದು ಹುಳದ ಕೆಲಸವೂ ಅಲ್ಲ, ವೈರಸ್ಸಿನ ಕೆಲಸವೂ ಅಲ್ಲ.

ನೀವು ಹೊಡೆದಿಲ್ಲ ಅಂದರೂ ಪಕ್ಕದವರು ಹೊಡೆದದ್ದು ಗಾಳಿಗೆ ಬಂದಿರಬಹುದು. ಆಗ ಅವರ ಬದುವಿನ ಕಡೆ ಜೋರಾಗಿರುತ್ತದೆ. ಜಗಳಕ್ಕೆ ಹೋಗುವ ಮೊದಲು ಬದುವಿನ ಕಳೆ ನೋಡಿ.

ಪರಿಹಾರ ಅಂದರೆ ಕಾಯುವುದು. ಚೂರೇ ತಗುಲಿದ್ದರೆ ಎರಡು ಮೂರು ವಾರದಲ್ಲಿ ಹೊಸ ಕುಡಿ ನೆಟ್ಟಗಾಗುತ್ತಾ ಬರುತ್ತದೆ, ಕಾಕಾನ ಹೊಲದಲ್ಲಿ ಹಿಂದಿನ ಸಾಲುಗಳು ಹಾಗೆ ಬಂದವು, ಮೊದಲ ಸಾಲುಗಳು ಬರಲಿಲ್ಲ. ಕಳೆನಾಶಕಕ್ಕೆ ಬೇರೆ ಪಂಪು ಇಡಿ. ಈಗಿರುವ ಪಂಪಿನ ಮೇಲೆ ಅನುಮಾನ ಇದ್ದರೆ ಅದರಲ್ಲಿ ಬರೀ ನೀರು ತುಂಬಿ ಹಿತ್ತಲಿನ ಎರಡು ಟೊಮೆಟೊ ಗಿಡಕ್ಕೆ ಹೊಡೆದು ವಾರ ಬಿಟ್ಟು ನೋಡಿ. ಕುಡಿ ತಿರುಚಿದರೆ ಆ ಪಂಪು ಮೆಣಸಿನ ಹೊಲದ ಹತ್ತಿರ ಬರಬಾರದು.

ಎರಡು ಮೂರು ಒಟ್ಟಿಗೆ ಇದ್ದರೆ

ನಿಜ ಹೇಳಬೇಕೆಂದರೆ ಬಹಳ ಹೊಲಗಳಲ್ಲಿ ಹೀಗೇ ಇರುತ್ತದೆ. ಮೇಲಿನ ಎಲೆ ಕೆಳಕ್ಕೆ, ಕೆಳಗಿನ ಎಲೆ ಮೇಲಕ್ಕೆ. ಹಳದಿ ಮೈಟ್ ಬಿಳಿ ನೊಣದ ಕಾಲಿಗೆ ಜೋತುಬಿದ್ದು ಗಿಡದಿಂದ ಗಿಡಕ್ಕೆ ಹೋಗುತ್ತದೆ. ರೆಕ್ಕೆ ಇಲ್ಲದ ಹುಳಕ್ಕೆ ಪುಕ್ಕಟೆ ಬಸ್ಸು. ಅಂದರೆ ನೊಣ ಬಂದ ಹೊಲಕ್ಕೆ ವೈರಸ್ಸೂ ಮೈಟೂ ಒಟ್ಟಿಗೆ ಬರಬಹುದು.

ಆಗ ನಾನು ಮಾಡುವುದು ಇಷ್ಟು. ಹೊಲದ ಬೇರೆ ಬೇರೆ ಕಡೆ ಹತ್ತು ಗಿಡ ಆರಿಸಿ, ಈಗಿನ ತುದಿ ಕುಡಿಯ ಕೆಳಗೆ ಕೆಂಪು ದಾರ ಕಟ್ಟುತ್ತೇನೆ. ಗಾಜಿನಲ್ಲಿ ಯಾವ ಹುಳ ಜಾಸ್ತಿ ಕಂಡಿತೋ ಅದಕ್ಕೆ ಒಂದೇ ಔಷಧಿ, ಒಂದೇ ಸಲ. ಹತ್ತು ಹನ್ನೆರಡು ದಿನ ಆದ ಮೇಲೆ ದಾರದ ಮೇಲೆ ಬಂದ ಎಲೆ ಮಾತ್ರ ನೋಡುವುದು. ನೆಟ್ಟಗೆ ಬಂದಿದ್ದರೆ ಕಾರಣ ಆ ಹುಳವೇ. ಹುಳ ಇಲ್ಲ, ಆದರೂ ಹೊಸ ಎಲೆ ನರ ಉಬ್ಬಿ ಮುದುಡಿದೆ ಅಂದರೆ ವೈರಸ್. ಹತ್ತರಲ್ಲಿ ಏಳು ನೆಟ್ಟಗಾಗಿ ಮೂರು ಹಾಗೇ ಇದ್ದರೆ ಎರಡೂ ಇತ್ತು ಅಂತ. ಆ ಮೂರರ ಥರದ ಗಿಡಗಳನ್ನು ಹುಡುಕಿ ಕೀಳಿ. ಹತ್ತು ದಿನ ಸುಮ್ಮನಿರುವುದು ಕಷ್ಟ, ಗೊತ್ತು. ಪಕ್ಕದ ಹೊಲದವರು ಪಂಪು ಹೊತ್ತು ಓಡಾಡುವುದು ಕಂಡಾಗ ಇನ್ನೂ ಕಷ್ಟ.

ಇಷ್ಟಾದರೂ ತಿಳಿಯದಿದ್ದರೆ

ಗಿಡವನ್ನೇ ತೋರಿಸಿ. ಹಾವೇರಿ ಸುತ್ತಲಿನವರಿಗೆ ದೇವಿಹೊಸೂರಿನಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಕೇಂದ್ರ ಇದೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ. ಬೇರೆ ಕಡೆಯವರು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಒಂದು ಎಲೆ ಕಿತ್ತು ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಡಿ, ಅಲ್ಲಿ ಮುಟ್ಟುವ ಹೊತ್ತಿಗೆ ಅದು ಸೊಪ್ಪಿನ ಪುಡಿ ಆಗಿರುತ್ತದೆ. ಈಗಷ್ಟೇ ಮುದುಡುತ್ತಿರುವ ಒಂದು ಗಿಡ, ಪೂರ್ತಿ ಕೆಟ್ಟ ಒಂದು ಗಿಡ, ಚೆನ್ನಾಗಿರುವ ಒಂದು ಗಿಡ, ಮೂರನ್ನೂ ಬೇರು ಸಮೇತ ಕಿತ್ತು ಒಣ ಪೇಪರಿನಲ್ಲಿ ಬೇರೆ ಬೇರೆ ಸುತ್ತಿ. ನೀರು ಚಿಮುಕಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ದಾರಿಯಲ್ಲೇ ಕೊಳೆಯುತ್ತದೆ. ಬೆಳಿಗ್ಗೆ ಕಿತ್ತದ್ದನ್ನು ಅವತ್ತೇ ಮುಟ್ಟಿಸಿ.

ಜೊತೆಗೆ ಒಂದು ಚೀಟಿ. ನಾಟಿ ಮಾಡಿದ ದಿನ, ಸಸಿ ತಂದದ್ದು ಎಲ್ಲಿಂದ, ಮುದುಡಿದ್ದು ಮೊದಲು ಕಂಡದ್ದು ಯಾವತ್ತು, ಹೊಲದ ಯಾವ ಮೂಲೆಯಲ್ಲಿ, ಇಲ್ಲಿವರೆಗೆ ಹೊಡೆದ ಎಲ್ಲ ಔಷಧಿಗಳ ಹೆಸರು. ಹೆಸರು ನೆನಪಿಲ್ಲದಿದ್ದರೆ ಖಾಲಿ ಡಬ್ಬಿಗಳ ಫೋಟೋ ಸಾಕು. ಪಂಪಿನಲ್ಲಿ ಕಳೆನಾಶಕ ಹೊಡೆದಿದ್ದರೆ ಮುಚ್ಚಿಡದೆ ಅದನ್ನೂ ಬರೆಯಿರಿ.